ನಾಲ್ಕನೆಯ ಮಿಡಿತ

ಶಿಂಚು ಊರಿನ ಅಕ್ಟೋಬರ್ ಗಾಳಿಗೆ ಮುಲಾಜಿಲ್ಲ.
ನಿಂತ ಸ್ಕೂಟರನ್ನು ಮಲಗಿಸುತ್ತದೆ,
ಅಂಗಡಿಯ ಬೋರ್ಡು ಹಿಡಿದು ಬಡಿಯುತ್ತದೆ,
ಗುಡ್ಡದಾಚೆ ಬಿದಿರ ತಟ್ಟೆಯಲ್ಲಿ ಹರವಿಟ್ಟ
ಪರ್ಸಿಮನ್ ಹಣ್ಣನ್ನು ಮಾತ್ರ
ಹದ ನೋಡಿ ಒಣಗಿಸುತ್ತದೆ.

ಫಾನ್‌ಚಿಯಾಂಗ್ ಯೆನ್‌ತಿಂಗ್‌ಗೆ ಮೂರು ವಾರದ ಕೆಮ್ಮು.
ಕೆಮ್ಮಿಗಿಂತ ಹಳೆಯದು ತಲೆಯೊಳಗಿನ ತಕರಾರು:
ಮೊದಲ ಹಂತದ ಕ್ಯಾಶನ್ನು ಇಮ್ಮಡಿ ಮಾಡಿದ್ದಳು,
ಮೂವತ್ತೆರಡು ಕಿಲೋಬೈಟಿದ್ದದ್ದು ಅರವತ್ತನಾಲ್ಕು.
ಕೇಳಿದ್ದು ಸಿಗದೆ ಹೋಗುವುದು
ನೂರಕ್ಕೆ ನಾಲ್ಕಿದ್ದದ್ದು ಮೂರೂವರೆಗಿಳಿಯಿತು.
ಪ್ರೊಸೆಸರ್ ನಿಧಾನವಾಯಿತು.
ಇಪ್ಪತ್ತು ಜನರ ಸಭೆಯಲ್ಲಿ ಅವಳ ಗ್ರಾಫಿನ ಗೆರೆ
ಎಲ್ಲರೆದುರು ತಲೆ ತಗ್ಗಿಸಿ ನಿಂತಿತು.

ಪೆಂಗ್ ಅಜ್ಜನ ಮೂಲಿಕೆ ಅಂಗಡಿ.
ಗೋಡೆ ತುಂಬ ಖಾನೆ, ಖಾನೆಗೆ ಮೂರು ಅರೆ.
ಸೊಂಟದೆತ್ತರಕ್ಕೆ ಜ್ಯೇಷ್ಠಮಧು, ಅದಿಲ್ಲದ ಚೀಟಿಯೇ ಇಲ್ಲ;
ಅದಕ್ಕಂಟಿ ಶುಂಠಿ, ಕೆಂಪು ಖರ್ಜೂರ,
ಒಂದನ್ನು ಕರೆದರೆ ಇನ್ನೊಂದೂ ಎದ್ದು ಬರುವ ನೆಂಟಸ್ತಿಕೆ.
ಏಣಿಯೆತ್ತರದಲ್ಲಿ, ವರ್ಷಕ್ಕೊಬ್ಬ ಕೇಳುವ ಒಣ ಚೇಳು.
ಅಲ್ಲೂ ಇಲ್ಲದ್ದು ಮೂರನೆಯ ಮಹಡಿಯ ಉಗ್ರಾಣದಲ್ಲಿ;
ಸೊಸೆ ಮೊಣಕಾಲು ಹಿಡಿದುಕೊಂಡು ಹತ್ತಬೇಕು.
ಅಷ್ಟು ಹೊತ್ತೂ ತಕ್ಕಡಿ ಗಾಳಿಯಲ್ಲಿ,
ಅಜ್ಜನ ಕೈ ಗಾಳಿಯಲ್ಲಿ,
ಗಿರಾಕಿಗಳ ಸಾಲು ಬಾಗಿಲಾಚೆಯ ಗಾಳಿಯಲ್ಲಿ.

ಯೆನ್‌ತಿಂಗ್ ಹೊಸ್ತಿಲಲ್ಲಿ ಕೆಮ್ಮಿದ್ದೇ ತಡ
ಅಜ್ಜನ ಕೈ ಆಗಲೇ ಖಾನೆಯೊಳಗೆ.
"ಕೇಳುವ ಮೊದಲೇ ತೆಗೆದಿಡೋದಕ್ಕೆ
ನಮ್ಮಲ್ಲಿ ಆರು ಜನರ ತಂಡ ಇದೆ" ಅಂದಳು.
"ತಪ್ಪೋದೂ ಉಂಟು," ಅಂದ ಅಜ್ಜ.
"ಮೊನ್ನೆ ಒಬ್ಬ ಕೆಮ್ಮುತ್ತ ಬಂದ, ಮೂರು ಪೊಟ್ಟಣ ಕಟ್ಟಿಟ್ಟೆ.
ಬಂದದ್ದು ನನ್ನ ಕೊಡೆ ವಾಪಸು ಕೊಡೋಕೆ.
ಬಿಚ್ಚಿ ಮತ್ತೆ ತುಂಬೋ ಹೊತ್ತಿಗೆ
ನಿಜವಾದ ರೋಗಿಗಳು ಕೂತು ಕೂತು ತೂಕಡಿಸಿದರು."

"ಇದಕ್ಕಿಂತ ದೊಡ್ಡ ಕಪಾಟು ಮಾಡಿಸಬಾರದೆ?"

"ಮಗ ಮಾಡಿಸಿದ್ದ. ಎರಡರಷ್ಟು ಅಗಲ, ಕರ್ಪೂರದ ಮರದ್ದು.
ಮಹಡಿ ಹತ್ತೋದು ಕಡಿಮೆಯಾಯಿತು, ಸೊಸೆಗೆ ಸುಖ.
ಆದರೆ ಜ್ಯೇಷ್ಠಮಧುವಿಗೂ ನಾನು ಒಂದು ಹೆಜ್ಜೆ ಇಡಬೇಕಾಯಿತು.
ಒಂದೇ ಹೆಜ್ಜೆ.
ದಿನಕ್ಕೆ ಎಂಟು ನೂರು ಸಲ.
ಈಗ ಅದು ಹಿಂದಿನ ಕೋಣೇಲಿದೆ, ಹನ್ನೆರಡು ಹೆಜ್ಜೆ ದೂರ.
ಅಲ್ಲಿ ಅದಕ್ಕೆ ಮರ್ಯಾದೆ."

ಎರಡೂ ಕೈ ಚಾಚಿ ತೋರಿಸಿದ: ಅಂಗಡಿಯೆಂದರೆ ಇಷ್ಟು.
ಉಳಿದದ್ದು ದಾಸ್ತಾನು.

ಮೂರಿದ್ದದ್ದು ನಾಲ್ಕು.
ಅವಳ ವರದಿಯ ಅಡಿಟಿಪ್ಪಣಿಯಲ್ಲಿ, ಸಣ್ಣ ಅಕ್ಷರದಲ್ಲಿ,
ಹೆಚ್ಚಿಗೆ ಒಂದು ಗಡಿಯಾರದ ಮಿಡಿತ.
ಅಗಲಿಸಿದ ಮನೆಯಲ್ಲಿ ತಂತಿ ಉದ್ದ, ನಡಿಗೆ ಉದ್ದ;
ಸೆಕೆಂಡನ್ನು ನೂರು ಕೋಟಿ ಹೋಳು ಮಾಡಿದರೆ
ಒಂದು ಹೋಳಿಗೂ ಕಡಿಮೆ.
ಯಾರು ಎಣಿಸುತ್ತಾರೆ ಅಂದುಕೊಂಡಿದ್ದಳು.
ಎಣಿಸಿದ್ದು ಸಿಕ್ಕಿದ ಪ್ರತಿಯೊಂದು.
ಸಿಗದ ಮೂರೂವರೆಯ ಚಿಂತೆಯಲ್ಲಿ
ಸಿಗುವ ತೊಂಬತ್ತಾರೂವರೆಯನ್ನು ಬಾಗಿಲಲ್ಲಿ ನಿಲ್ಲಿಸಿದ್ದಳು.
ಊಟಕ್ಕಿಲ್ಲದ ಉಪ್ಪಿನಕಾಯಿ;
ಜಾಡಿ ಎಷ್ಟು ದೊಡ್ಡದಾದರೇನು?

ಫೋನು ತೆಗೆದು ತಂಡಕ್ಕೆ ಬರೆದಳು:
ಮೂವತ್ತೆರಡಕ್ಕೇ ಮರಳೋಣ. ಎರಡನೆಯ ಹಂತವನ್ನು ಬೆಳೆಸೋಣ.
ಕಾರಣ ಬರೆಯಹೋಗಿ, ಖರ್ಜೂರ ಎಂದು ಬರೆದು, ಅಳಿಸಿದಳು.

ಅಷ್ಟರಲ್ಲಿ ಅಜ್ಜ ಚೀಟಿಯ ಕೊನೆಯ ಸಾಲಿಗೆ ಬಂದು
ಒಂದು ಖಾನೆ ಎಳೆದ. ಬರಿದು.
ಹಿಂದಿನ ಕೋಣೆಗೆ ಹೋಗಿ ಬಂದ. ಅಲ್ಲೂ ಇಲ್ಲ.
ಮೇಲಕ್ಕೆ ಕೂಗಿದ.

ಸೊಸೆಯ ಚಪ್ಪಲಿ ಮೆಟ್ಟಿಲ ಮೇಲೆ, ಒಂದು, ಎರಡು,
ಹದಿನಾಲ್ಕರಲ್ಲಿ ನಿಂತು ಉಸಿರೆಳೆದುಕೊಂಡಿತು.
ಯೆನ್‌ತಿಂಗ್ ಎಣಿಸುತ್ತಲೇ ಇದ್ದಳು.
ತಕ್ಕಡಿಯ ತಟ್ಟೆ ಅಲ್ಲಾಡಿ, ಅಲ್ಲಾಡಿ, ನಿಂತಿತು.
ಹಿಂದೆ ಯಾರೋ ಗಂಟೆಯೆಷ್ಟೆಂದು ಕೇಳಿದರು.